ನುಗ್ಗೆ ಮರಕ್ಕೆ ಉಬ್ಬಸದ ಮದ್ದು

ಕಿತ್ತಳೆ ಬಣ್ಣದ ಪಂಪಿಗೆ ನಾನೂರ ಇಪ್ಪತ್ತು ರೂಪಾಯಿ. ಅದರೊಳಗೆ ನೂರಿಪ್ಪತ್ತು ಪಫ್. ಒಂದು ಪಫ್ಫಿಗೆ ಮೂರೂವರೆ ರೂಪಾಯಿ ಬಿತ್ತು. ಬೆಳಿಗ್ಗೆ ಎರಡು, ಸಂಜೆ ಎರಡು ಅಂದರೆ ದಿನಕ್ಕೆ ಹದಿನಾಲ್ಕು ರೂಪಾಯಿ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ತಾನೊಂದು ಟೀ ಕುಡಿದು ಇನ್ನೊಬ್ಬನಿಗೆ ಅರ್ಧ ಕುಡಿಸಬಹುದಾದ ದುಡ್ಡು. ಇಷ್ಟನ್ನೂ ತಿಪ್ಪೇರುದ್ರಪ್ಪ ಹದಿನೈದು ದಿನದಿಂದ ಒಂದು ಹೊತ್ತೂ ತಪ್ಪದೆ ಹಿತ್ತಿಲ ನುಗ್ಗೆ ಮರಕ್ಕೆ ಖರ್ಚು ಮಾಡುತ್ತಿದ್ದ.

ಹಾಗಂತ ಅವನು ದುಂದುಗಾರನಲ್ಲ. ಕಡಲೆಕಾಯಿ ಸುಲಿಯುವ ಮಿಲ್ಲು ಇಟ್ಟುಕೊಂಡು ಮೂವತ್ತು ವರ್ಷ ವ್ಯಾಪಾರ ಮಾಡಿದವನು. ಮೂಟೆಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಆ ಮೂಟೆಯಲ್ಲಿ ಎಷ್ಟು ಬೀಜ ಎಷ್ಟು ಸಿಪ್ಪೆ ಎಂದು ಹೇಳಿಬಿಡುತ್ತಿದ್ದ. ಆದರೆ ಮಿಲ್ಲಿನ ಧೂಳು ಎದೆಗೆ ಇಳಿದು ಎರಡು ವರ್ಷದ ಹಿಂದೆ ಉಬ್ಬಸ ಶುರುವಾಯಿತು. ಹಿಂದೂಪುರದ ಒಂದು ಕ್ಲಿನಿಕ್ಕಿನಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದ ಮಗಳು ಶಿವರಂಜನಿ, ಅಪ್ಪನನ್ನು ಅಲ್ಲಿಯ ಡಾಕ್ಟರಿಗೆ ತೋರಿಸಿ, ಕಿತ್ತಳೆಯದೊಂದು ನೀಲಿಯದೊಂದು ಎರಡು ಪಂಪು ಕೊಡಿಸಿ, ಮಿಲ್ಲಿಗೆ ಕಾಲಿಡಕೂಡದು ಎಂದುಬಿಟ್ಟಳು. ಹೋದ ಸುಗ್ಗಿಯಲ್ಲಿ ಅವನು ಮಿಲ್ಲು ಮುಚ್ಚಿ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವ ಟ್ರ್ಯಾಕ್ಟರುಗಳ ಮೂಟೆ ಎಣಿಸುತ್ತಾ ಕಾಲ ಕಳೆದ. ಪರರ ಮಿಲ್ಲಿಗೆ ಹೋಗುವ ಮೂಟೆ ಎಣಿಸುವುದಕ್ಕಿಂತ ದೊಡ್ಡ ಶಿಕ್ಷೆ ವ್ಯಾಪಾರಸ್ಥನಿಗೆ ಇನ್ನೊಂದಿಲ್ಲ.

ಈ ಸಲ ಮಗಳು ಸ್ವಲ್ಪ ಸಡಿಲಿಸಿದ್ದಳು. ಕಿತ್ತಳೆ ಪಂಪನ್ನು ದಿನವೂ ತಪ್ಪದೆ ತಗೊಂಡು, ಡಾಕ್ಟರ ಮುಂದೆ ಊದುವ ಮೀಟರಿನಲ್ಲಿ ಮುನ್ನೂರೈವತ್ತು ದಾಟಿಸಿದರೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಿಲ್ಲಿನ ಹೊರಗಿನ ತಕ್ಕಡಿ ಕೋಣೆಯಲ್ಲಿ ಕೂರಬಹುದು. ದಾಟದಿದ್ದರೆ ಈ ಸುಗ್ಗಿಗೂ ಜಗಲಿಯೇ ಗತಿ. ಪಂಪಿನ ಬೆನ್ನಿನಲ್ಲಿ ಇನ್ನೆಷ್ಟು ಪಫ್ ಉಳಿದಿದೆ ಎಂದು ತೋರಿಸುವ ಪುಟ್ಟ ನಂಬರು ಇರುತ್ತದಲ್ಲ, ಅದನ್ನೂ ನೋಡುತ್ತೇನೆ ಎಂದು ಎಚ್ಚರಿಸಿದ್ದಳು.

ತಗೊಳ್ಳುವುದಕ್ಕೆ ಅವನಿಗೇನೂ ಅಡ್ಡಿಯಿರಲಿಲ್ಲ. ಅಡ್ಡಿಯಾದವನು ಪಕ್ಕದ ಮನೆಯ ಕೇಶವಯ್ಯ. ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ರಿಟೈರಾದವನು. ಬಸ್ಸುಗಳು ಕೈತಪ್ಪಿದ ಮೇಲೆ ಬೀದಿಯ ಜನರನ್ನು ಕಂಟ್ರೋಲ್ ಮಾಡುತ್ತಿದ್ದ.

"ಅದ್ರೊಳಗೆ ಸ್ಟೀರಾಯ್ಡ್ ಐತೆ ಕಣಪ್ಪ ರುದ್ರಪ್ಪ," ಎಂದಿದ್ದ ಅವನು. "ನಮ್ ಭಾವಮೈದ ಅದನ್ನ ತಗೊಂಡೂ ತಗೊಂಡೂ ಮುಖ ಕುಂಬಳಕಾಯಿ ಆಗೋಯ್ತು. ಒಂದ್ಸಲ ಹತ್ತಿದ್ರೆ ಆ ಬಸ್ಸಿಂದ ಇಳಿಯಂಗೇ ಇಲ್ಲ."

ಅಂದಿನಿಂದ ತಿಪ್ಪೇರುದ್ರಪ್ಪನಿಗೆ ಕಿತ್ತಳೆ ಪಂಪೆಂದರೆ ಹೆದರಿಕೆ. ಮೇಲಾಗಿ ಅದನ್ನು ಎಳೆದರೆ ಏನೂ ಗೊತ್ತಾಗುತ್ತಿರಲಿಲ್ಲ. ನೀಲಿ ಪಂಪು ಹಾಗಲ್ಲ. ದಮ್ಮು ಹತ್ತಿದಾಗ ಎರಡು ಸಲ ಎಳೆದರೆ ಎದೆ ತೆರೆದ ಬಾಗಿಲಾಗುತ್ತಿತ್ತು. ಕೊಟ್ಟ ಕಾಸಿಗೆ ಅಲ್ಲೇ ಸರಕು ಎಂದು ಅವನು ನೀಲಿಯನ್ನೇ ನೆಚ್ಚಿಕೊಂಡ. ಕಿತ್ತಳೆಯದನ್ನು ಮಾತ್ರ ಬೆಳಿಗ್ಗೆ ಸಂಜೆ ಹಿತ್ತಿಲಿಗೆ ಒಯ್ದು, ಕಡಲೆಕಾಯಿ ಅಲ್ಲಾಡಿಸಿದಂತೆ ಕಿವಿಯ ಹತ್ತಿರ ಅಲ್ಲಾಡಿಸಿ, ನುಗ್ಗೆ ಮರದ ಕಡೆಗೆ ಎರಡು ಸಲ ಒತ್ತಿ, ಬಚ್ಚಲ ಗೂಡಿನ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದ. ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಎಂದು ಮಗಳು ಹೇಳಿದ್ದರಿಂದ, ಹೆಂಡತಿ ದ್ರಾಕ್ಷಾಯಣಮ್ಮ ಎರಡು ಹೊತ್ತೂ ತಾಮ್ರದ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರನ್ನು ಅದೇ ಗೂಡಿನಲ್ಲಿ ಇಡುತ್ತಿದ್ದಳು. ಔಷಧಿ ಬಾಯಿಗೇ ಹೋಗದಿದ್ದ ಮೇಲೆ ಮುಕ್ಕಳಿಸುವುದು ಏನನ್ನು ಎಂದು ಅವನು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಿಂದೂಪುರಕ್ಕೆ ಹೊರಡುವ ದಿನ ಬೆಳಿಗ್ಗೆ, ಅರವತ್ತು ಉಳಿದಿದೆ ಎಂಬ ತನ್ನ ಬಾಯಿಲೆಕ್ಕ ಸರಿಯಿದೆಯೇ ಎಂದು ಮೊದಲ ಸಲ ಕನ್ನಡಕ ಹಾಕಿಕೊಂಡು ಪಂಪಿನ ಬೆನ್ನು ನೋಡಿದ. ಅಲ್ಲಿ ಸೊನ್ನೆ ಇತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮತ್ತೂ ಸೊನ್ನೆಯೇ. ಹದಿನೈದು ದಿನಕ್ಕೆ ಅರವತ್ತು ತಾನೇ ಆಗಬೇಕಾದದ್ದು? ಉಳಿದ ಅರವತ್ತು ಎಲ್ಲಿ ಹೋಯಿತು? ತಿಂಗಳ ಔಷಧಿಯನ್ನು ಅರ್ಧ ತಿಂಗಳಲ್ಲಿ ಮುಗಿಸಿದ್ದೀಯ, ಹಾಗಾದರೆ ಕಾಯಿಲೆ ಎರಡರಷ್ಟಾಗಿದೆ ಎನ್ನುತ್ತಾಳೆ ಮಗಳು. ಅಷ್ಟು ತಗೊಂಡಿಲ್ಲ ಎನ್ನೋಣವೆಂದರೆ ತಗೊಂಡೇ ಇಲ್ಲ ಎಂಬುದೂ ಅದರ ಬಾಲ ಹಿಡಿದು ಹೊರಬರುತ್ತದೆ. ಹೇಗೆ ನೋಡಿದರೂ ತಕ್ಕಡಿ ಕೋಣೆ ಕೈಬಿಟ್ಟಿತು. ಬೆವರು ಒರೆಸಿಕೊಂಡು ಯೋಚಿಸಿದ ಮೇಲೆ ಒಂದು ಉಪಾಯ ಹೊಳೆಯಿತು. ಹೊಸದೊಂದು ಪಂಪು ಕೊಂಡು, ಅರವತ್ತು ಸಲ ಒತ್ತಿಬಿಟ್ಟರೆ ನಂಬರು ಅರವತ್ತಕ್ಕೆ ಬಂದು ಕೂರುತ್ತದೆ. ಸೊನ್ನೆಯ ಪಂಪನ್ನು ಇದ್ದಲ್ಲೇ ಇಟ್ಟು, ನರೇಶನ ಮೆಡಿಕಲ್ ಶಾಪು ತೆರೆಯುವುದನ್ನೇ ಕಾದು ಓಡಿದ. ಅವಸರದಲ್ಲಿ ಕನ್ನಡಕ ಬಚ್ಚಲಲ್ಲೇ ಉಳಿಯಿತು.

ನರೇಶ ಪಂಪು ಕಟ್ಟಿಕೊಡುತ್ತಾ, "ಏನಣ್ಣ, ಇವತ್ತು ಇದಕ್ಕೇ ಡಿಮ್ಯಾಂಡು," ಎಂದ. "ಈಗಷ್ಟೆ ಕೇಶವಯ್ಯನೋರು ಒಂದು ತಗೊಂಡೋದ್ರು."

ತಿಪ್ಪೇರುದ್ರಪ್ಪ ನಿಂತಲ್ಲೇ ನಿಂತ. ತಪ್ಪಿದ್ದ ಲೆಕ್ಕವೆಲ್ಲ ತಾಳೆಯಾಯಿತು. ಕೇಶವಯ್ಯನಿಗೆ ಗುಟ್ಟಾಗಿ ಉಬ್ಬಸವಿದೆ. ಬಚ್ಚಲ ಗೂಡಿಗೂ ಅವನ ಮನೆಯ ಕಾಂಪೌಂಡಿಗೂ ಕೈಯಳತೆ. ನೀನು ತಗೊಬೇಡ ಎಂದು ತನ್ನನ್ನು ಹೆದರಿಸಿ, ದಿನಕ್ಕೆ ನಾಲ್ಕು ಪಫ್ ತಾನೇ ಹೊಡೆದಿದ್ದಾನೆ. ಬಿಟ್ಟಿ ಮಾಲು ಮುಗಿಯಿತೆಂದು ಇವತ್ತು ಸ್ವಂತ ದುಡ್ಡಿನಲ್ಲಿ ಕೊಂಡಿದ್ದಾನೆ. ಮೂವತ್ತು ವರ್ಷದ ನೆರೆಯವನು ಇಂಥವನೇ ಎಂದು ತಿಪ್ಪೇರುದ್ರಪ್ಪನಿಗೆ ಹೊಟ್ಟೆ ಉರಿಯಿತು.

ಮನೆಗೆ ಬಂದರೆ ಡಬ್ಬಿ ಗೂಡಿನಲ್ಲಿರಲಿಲ್ಲ. ತನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ ಎಂದಳು ದ್ರಾಕ್ಷಾಯಣಮ್ಮ. ಕೊಡು ಎಂದರೆ, ನಿಮ್ಮ ಕೈಗೆ ಕೊಟ್ಟರೆ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತೀರಿ ಎಂದು ಚೀಲವನ್ನು ಕಂಕುಳಿಗೆ ಏರಿಸಿಕೊಂಡಳು. ತಾಮ್ರದ ಚೊಂಬೂ ಅದರಲ್ಲೇ ಇತ್ತು. ಚೀಲದಲ್ಲಿ ಸೊನ್ನೆ, ಜೇಬಿನಲ್ಲಿ ನೂರಿಪ್ಪತ್ತು. ಡಾಕ್ಟರ ಮುಂದೆ ಅವಳು ಡಬ್ಬಿ ಬಿಚ್ಚುವ ಮೊದಲೇ ತಾನು ಜೇಬಿನದನ್ನು ತೆಗೆದಿಡಬೇಕು ಎಂದು ಅವನು ಗಟ್ಟಿ ಮಾಡಿಕೊಂಡ.

ಒಂಬತ್ತೂವರೆಯ ಬಸ್ಸಿಗೆ ಕೇಶವಯ್ಯನೂ ಬಂದ. ಅವನಿಗೆ ರಿಟೈರಾದವರ ಪಾಸಿತ್ತು. ಅದು ವ್ಯರ್ಥವಾಗಬಾರದೆಂದು ಬೀದಿಯವರು ಯಾರು ಎಲ್ಲಿಗೆ ಹೊರಟರೂ ಜೊತೆಗೆ ಹೊರಡುತ್ತಿದ್ದ. ದ್ರಾಕ್ಷಾಯಣಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಗಂಡಸರಿಬ್ಬರು ಹಿಂದೆ ಕೂತರು. ಊರು ದಾಟುತ್ತಲೇ ತಿಪ್ಪೇರುದ್ರಪ್ಪ ಪಂಪನ್ನು ಅಂಗೈಯಲ್ಲಿ ಅಡಗಿಸಿ, ಕೈಯನ್ನು ಕಿಟಕಿಯ ಹೊರಗೆ ಚಾಚಿ ಒತ್ತತೊಡಗಿದ. ಗಾಳಿ ಎದುರಿನದು. ನಾಲ್ಕೇ ಪಫ್ಫಿಗೆ ಹಿಂದಿನ ಸೀಟಿನ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, ಮೋಡವಿಲ್ಲದೆ ಹನಿ ಬೀಳುತ್ತಿದೆಯಲ್ಲ ಎಂದಳು. ಕಂಡಕ್ಟರ್ ಬಂದು, "ಪೆದ್ದಾಯನ, ಚೆಯ್ಯಿ ಲೋಪಲ ಪೆಟ್ಟು," ಎಂದು ತೆಲುಗಿನಲ್ಲಿ ಗದರಿದ. ಕೈ ಒಳಗೆ ಬಂತು. ಕಂಡಕ್ಟರ್ ಮುಂದೆ ಹೋದಾಗೆಲ್ಲ ಹೊರಗೆ ಹೋಯಿತು.

ಇಷ್ಟೆಲ್ಲ ಆದರೂ ಕೇಶವಯ್ಯ ಒಂದು ಮಾತೂ ಕೇಳಲಿಲ್ಲ. ಬಸ್ಸಿನ ಟೈರು ಪಂಕ್ಚರಾದರೆ ಅದರ ಜಾತಕವನ್ನೇ ಹೇಳುವ ಮನುಷ್ಯ, ಪಕ್ಕದವನು ಕಿಟಕಿಯಾಚೆ ಔಷಧಿ ಹಾರಿಸುತ್ತಿದ್ದರೂ ಕಣ್ಣು ಮುಚ್ಚಿ ಕೂತಿದ್ದ. ಇದು ಕಳ್ಳನ ಲಕ್ಷಣವಲ್ಲದೆ ಇನ್ನೇನು?

"ಕೇಶವಯ್ಯ, ನಿಂಗೆ ದಮ್ಮು ಯಾವಾಗಿಂದ?"

"ನಂಗ್ಯಾತರ ದಮ್ಮು? ಮೂವತ್ತು ವರ್ಷ ಡೀಸೆಲ್ ಹೊಗೇಲಿ ಕೂಗಿದ ಗಂಟಲು ಕಣಪ್ಪ ಇದು."

"ಹಂಗಾದ್ರೆ ಬೆಳಿಗ್ಗೆ ನರೇಶನತ್ರ ಪಂಪು ತಗೊಂಡಿದ್ದು ಯಾರಿಗೆ?"

ಕೇಶವಯ್ಯನ ಮುಖ ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಮುಖದಂತಾಯಿತು. "ಹೇಳಂಗಿಲ್ಲ ಕಣಪ್ಪ. ಮಾತು ಕೊಟ್ಬುಟ್ಟೀನಿ," ಎಂದ.

ಇಷ್ಟು ವಯಸ್ಸಾದ ಮೇಲೆ ಕಾಯಿಲೆ ಒಪ್ಪಿಕೊಳ್ಳಲೂ ನಾಚಿಕೆ ಎಂದುಕೊಂಡು ತಿಪ್ಪೇರುದ್ರಪ್ಪ ಮುಖ ತಿರುಗಿಸಿದ.

ಪಾವಗಡದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಅವನು ಇಳಿದು ಗಂಡಸರ ಶೌಚಾಲಯದ ಹಿಂದಿನ ಗೋಡೆಯ ಮರೆಗೆ ನಡೆದ. ಅಲ್ಲಿ ಒಂದು ಮೇಕೆ ಬಿಟ್ಟರೆ ಯಾರೂ ಇರಲಿಲ್ಲ. ಒತ್ತಿದ, ಒತ್ತಿದ, ಹೆಬ್ಬೆರಳು ಮರಗಟ್ಟುವವರೆಗೂ ಒತ್ತಿದ. ಆದರೆ ಎಣಿಕೆ ಬಸ್ಸಿನಲ್ಲೇ ತಪ್ಪಿತ್ತು, ನಂಬರು ಎಲ್ಲಿಗೆ ಬಂತು? ಕನ್ನಡಕವಿಲ್ಲದ ಕಣ್ಣಿಗೆ ಅದು ಇರುವೆಯ ಹಾಗೆ ಕಾಣುತ್ತಿತ್ತು. ಬೇರೆ ದಾರಿಯಿಲ್ಲದೆ ಅತ್ತ ಹಾದುಹೋಗುತ್ತಿದ್ದ ಕೇಶವಯ್ಯನನ್ನೇ ಕರೆದ. ಅವನು ಏನೂ ಕೇಳದೆ ಕನ್ನಡಕ ಏರಿಸಿ, ಬಸ್ಸು ಕೂಗುವ ದನಿಯಲ್ಲಿ "ಎಂಬತ್ತೊಂದು" ಎಂದ. ಆಮೇಲೆ, "ಇರು, ಬತ್ತೀನಿ," ಎಂದು ಎಲ್ಲಿಗೋ ಓಡಿದ. ಎರಡು ನಿಮಿಷಕ್ಕೆ ಬಂದು "ಎಪ್ಪತ್ತು" ಎಂದ, ಮತ್ತೆ ಓಡಿದ. ಮೂರನೆಯ ಸಲ ಬೆವರುತ್ತಾ ಬಂದು, "ಅರವತ್ತು. ಸಾಕು ನಿಲ್ಸು," ಎಂದ. ಇವನಿಗೆ ದಮ್ಮಿನ ಜೊತೆ ಹೊಟ್ಟೆಯೂ ಕೆಟ್ಟಿರಬೇಕು ಎಂದುಕೊಂಡ ತಿಪ್ಪೇರುದ್ರಪ್ಪನಿಗೆ ತುಸು ಕನಿಕರವೂ ಬಂತು. ಮೇಕೆ ಎರಡು ಸಲ ಸೀನಿ ಆಚೆ ಹೋಯಿತು.

ಹಿಂದೂಪುರದಲ್ಲಿ ಇಳಿದು ಆಟೋ ಹತ್ತಿದರು. ಮುಂದೆ ಒಣಮೆಣಸಿನಕಾಯಿ ಮೂಟೆ ಹೇರಿಕೊಂಡ ಲಾರಿ ಹೋಗುತ್ತಿತ್ತು. ಒಂದು ಮೂಟೆ ಹರಿದಿತ್ತೋ ಏನೋ, ಸಿಗ್ನಲ್ಲಿನ ಹತ್ತಿರ ಘಾಟು ನೇರವಾಗಿ ಆಟೋದೊಳಕ್ಕೇ ನುಗ್ಗಿತು. ಎಲ್ಲರೂ ಕೆಮ್ಮಿದರು, ತಿಪ್ಪೇರುದ್ರಪ್ಪನ ಕೆಮ್ಮು ಮಾತ್ರ ನಿಲ್ಲಲಿಲ್ಲ. ಎದೆಯೊಳಗೆ ಯಾರೋ ಮೂಟೆಯ ಬಾಯಿ ಹೊಲಿಯುತ್ತಿದ್ದಂತೆ ಉಸಿರು ಬಿಗಿಯುತ್ತಾ ಬಂತು. ಕಣ್ಣು ಮೇಲಾದವು. ಆಟೋ ನಿಲ್ಲಿಸಿದರು. ದ್ರಾಕ್ಷಾಯಣಮ್ಮ ಅವನನ್ನು ನೆಟ್ಟಗೆ ಕೂರಿಸಿ, ಅವನ ಅಂಗಿಜೇಬಿನಿಂದ ನೀಲಿ ಪಂಪು ತೆಗೆದು ಬಾಯಿಗಿಟ್ಟಳು. ಒಂದು, ಎರಡು, ತಡೆದು ಇನ್ನೆರಡು.

"ನಿಧಾನಕ್ಕೆ ಎಳ್ಕಳ್ಳಿ. ನಾನಿಲ್ವಾ, ಇಲ್ಲೇ ಇದೀನಿ," ಎನ್ನುತ್ತಾ ಬೆನ್ನು ನೀವಿದಳು. ಉಸಿರು ಒಂದೊಂದೇ ಎಳೆಯಾಗಿ ಮರಳಿ ಬಂದಾಗ ಅವನಿಗೆ ಮೊದಲು ಕಂಡದ್ದು ಅವಳ ಬಲಗೈ ಹೆಬ್ಬೆರಳಿಗೆ ಸುತ್ತಿದ ಬಟ್ಟೆ. ಏನಾಯಿತು ಎಂದು ಸನ್ನೆಯಲ್ಲಿ ಕೇಳಿದ. ಈಳಿಗೆ ತಾಗಿತು ಎಂದಳು.

ಡಾಕ್ಟರು ಹರಿಕೃಷ್ಣ ಇನ್ನೂ ಹರೆಯದವರು. ಮೊದಲು ಎದೆ ಪರೀಕ್ಷಿಸಿ, ಸ್ವಲ್ಪ ಹೊತ್ತು ಕೂರಿಸಿಕೊಂಡು, ಆಮೇಲೆ ಮೀಟರು ಕೈಗೆ ಕೊಟ್ಟರು. ತಿಪ್ಪೇರುದ್ರಪ್ಪ ತಕ್ಕಡಿ ಕೋಣೆಯನ್ನು ಮನಸ್ಸಿನಲ್ಲಿ ನೆನೆದು, ಕೆನ್ನೆ ಉಬ್ಬಿಸಿ, ಮೂರು ಸಲ ಊದಿದ. ಮುಳ್ಳು ಇನ್ನೂರ ಮೂವತ್ತು ದಾಟಲಿಲ್ಲ. ನೀಲಿ ಪಂಪು ತಿಂಗಳಿಗೆ ಎಷ್ಟು ಬೇಕಾಗುತ್ತದೆ ಎಂದು ಡಾಕ್ಟರು ಕೇಳಿದರು. ಎರಡು ಎಂದಳು ದ್ರಾಕ್ಷಾಯಣಮ್ಮ. ಅವರ ಹುಬ್ಬು ಮೇಲೇರಿತು. ಕಿತ್ತಳೆಯದನ್ನು ಸರಿಯಾಗಿ ತಗೊಂಡವರಿಗೆ ನೀಲಿ ಅಷ್ಟು ಬೇಕಾಗಬಾರದಲ್ಲ ಎಂದರು.

"ಎಲ್ಲಪ್ಪ, ಪಂಪು ತೋರ್ಸು," ಎಂದಳು ಬಾಗಿಲಲ್ಲಿ ನಿಂತಿದ್ದ ಶಿವರಂಜನಿ.

ಇದೇ ಗಳಿಗೆ ಎಂದು ತಿಪ್ಪೇರುದ್ರಪ್ಪ ಜೇಬಿಗೆ ಕೈಹಾಕಿ, ಗೆದ್ದ ಇಸ್ಪೀಟೆಲೆ ಎಸೆಯುವವನಂತೆ ಪಂಪನ್ನು ಮೇಜಿನ ಮೇಲಿಟ್ಟ. ಬೆನ್ನಲ್ಲಿ ಅರವತ್ತು.

ಅದೇ ಗಳಿಗೆಯಲ್ಲಿ ದ್ರಾಕ್ಷಾಯಣಮ್ಮನೂ ಚೀಲದ ಡಬ್ಬಿಯಿಂದ ಒಂದು ಪಂಪು ತೆಗೆದು ಮೇಜಿನ ಮೇಲಿಟ್ಟಳು. ಅದರ ಬೆನ್ನಲ್ಲೂ ಅರವತ್ತು.

ಗಂಡ ಹೆಂಡತಿಯ ಪಂಪನ್ನು ನೋಡಿದ, ಹೆಂಡತಿ ಗಂಡನದನ್ನು ನೋಡಿದಳು. ಮಗಳು ಎರಡನ್ನೂ ನೋಡಿ, ಕೊನೆಗೆ ಕೇಶವಯ್ಯನ ಕಡೆ ತಿರುಗಿದಳು. ಅವನು ಇನ್ನು ತಡೆಯಲಾರೆನೆಂಬಂತೆ ಜುಬ್ಬಾದ ಜೇಬಿನಿಂದ ಮೂರನೆಯದನ್ನು ತೆಗೆದು ಮೇಜಿನ ಮೇಲೆ ಇಟ್ಟುಬಿಟ್ಟ. ಅದರಲ್ಲಿ ಸೊನ್ನೆಯಿತ್ತು.

"ಇಂಥದೇ ತತ್ತಾ ಅಂತ ನಿಮ್ಮಮ್ಮ ಬೆಳಿಗ್ಗೆ ಕೊಟ್ಟಿದ್ದು ಇದು," ಎಂದ. "ಯಾರಿಗೂ ಹೇಳ್ಬೇಡ ಅಂದ್ಲು. ಇತ್ಲಾಗೆ ನೋಡಿದ್ರೆ ನಿಮ್ಮಪ್ಪಂದೂ ಅದೇ ಆಟ. ಪಾವಗಡದಲ್ಲಿ ಗಂಡಸ್ರ ಗೋಡೆ ಹಿಂದೆ ಒಬ್ರು, ಹೆಂಗಸ್ರ ಗೋಡೆ ಹಿಂದೆ ಒಬ್ರು. ಇಬ್ರಿಗೂ ನಂಬರ್ ಓದಿದ್ದು ನಾನೇ ಕಣಮ್ಮ. ಓಡಾಡೀ ಓಡಾಡೀ ಮಂಡಿ ಬಿದ್ದೋಯ್ತು."

ತಿಪ್ಪೇರುದ್ರಪ್ಪ ಹೆಂಡತಿಯನ್ನು ಕೇಳಿದ: "ನೀನ್ಯಾಕೆ ಒತ್ತಿದ್ದು?"

ದ್ರಾಕ್ಷಾಯಣಮ್ಮ ಹೆಬ್ಬೆರಳಿನ ಬಟ್ಟೆಯನ್ನು ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಹೇಳಿದಳು. "ನಾನಿಟ್ಟ ಚೊಂಬು ಒಂದಿನಾನೂ ಖಾಲಿ ಆಗ್ಲಿಲ್ಲ. ನೀವು ತಗೊಂತಿಲ್ಲ ಅಂತ ಎರಡನೇ ದಿನಕ್ಕೇ ಗೊತ್ತಾಯ್ತು. ಹೇಳಿದ್ರೆ ಸಿಟ್ಟು ಮಾಡ್ಕೊಂತೀರ. ನಂಬರ್ ಹಂಗೇ ನಿಂತಿದ್ರೆ ಇವಳು ಮಿಲ್ಲಿಗೆ ಬಿಡಲ್ಲ. ಹೋದ ವರ್ಷ ಜಗಲಿ ಮ್ಯಾಲೆ ಕುಂತು ಮೂಟೆ ಎಣಿಸ್ತಿದ್ರಲ್ಲ, ನಂಗೆ ನೋಡಕ್ಕಾಗ್ಲಿಲ್ಲ. ಅದಕ್ಕೆ ಹಿಂದಿಂದೂ ಲೆಕ್ಕ ಹಿಡಿದು ದಿನಾ ನಾನೇ ಕನಕಾಂಬರದ ಗಿಡಕ್ಕೆ ಒತ್ತಿದೆ. ಆ ಸಣ್ಣ ನಂಬರ್ ನನ್ ಕಣ್ಣಿಗೆ ಎಲ್ಲಿ ಕಾಣುತ್ತೆ? ನಿನ್ನೆ ಸಂಜೆ ನಿಮ್ ಕನ್ನಡಕ ಹಾಕ್ಕೊಂಡು ನೋಡಿದ್ರೆ ಸೊನ್ನೆ, ಅದಕ್ಕೇ ಬೆಳಿಗ್ಗೆ ಹೊಸದು ತರಿಸಿದೆ."

ಡಾಕ್ಟರು ನಕ್ಕು, ನಿಮ್ಮ ಹಿತ್ತಿಲಿನಲ್ಲಿ ಯಾವ ಗಿಡಕ್ಕೂ ಉಬ್ಬಸ ಬರುವುದಿಲ್ಲ ಬಿಡಿ ಎಂದರು. ಆಮೇಲೆ ನಗು ನಿಲ್ಲಿಸಿ ಎಲ್ಲವನ್ನೂ ಬಿಡಿಸಿ ಹೇಳಿದರು. ನೀಲಿ ಪಂಪು ಮುಚ್ಚಿದ ಬಾಗಿಲನ್ನು ಆ ಹೊತ್ತಿಗೆ ತಳ್ಳಿ ತೆರೆಯುತ್ತದೆ, ಅಷ್ಟೆ. ಉಸಿರಿನ ದಾರಿಯೊಳಗಿನ ಊತವನ್ನು ದಿನದಿನವೂ ಇಳಿಸುವುದು ಕಿತ್ತಳೆಯದು. ಎಳೆದ ಕೂಡಲೇ ಏನೂ ಗೊತ್ತಾಗದಿರುವುದೇ ಅದರ ಸ್ವಭಾವ. ಕೇಶವಯ್ಯನ ಭಾವಮೈದ ಏನು ತಗೊಂಡಿದ್ದು ಎಂದು ಕೆದಕಿ ಕೇಳಿದಾಗ, ಮಂಡಿನೋವಿಗೆ ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗಿದ ಮಾತ್ರೆ ಎಂದು ತಿಳಿಯಿತು. ಮಾತ್ರೆ ಮೈಗೆಲ್ಲ ಹರಡುತ್ತದೆ. ಪಂಪಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಮದ್ದು ನೇರ ಎದೆಗೆ ಇಳಿಯುತ್ತದೆ. ಬಾಯಲ್ಲಿ ಉಳಿದರೆ ನಾಲಿಗೆ ಬೆಳ್ಳಗಾಗಿ ಹುಣ್ಣಾಗಬಹುದು, ದನಿ ಒಡೆಯಬಹುದು, ಅದಕ್ಕೇ ಮುಕ್ಕಳಿಸುವುದು. ಹೆಚ್ಚು ಡೋಸು ಬಹಳ ಕಾಲ ಬೇಕಾದರೆ ಕಣ್ಣು, ಮೂಳೆಗಳ ಮೇಲೆ ನಾವೇ ನಿಗಾ ಇಡುತ್ತೇವೆ. ಮೂರು ತಿಂಗಳು ಚೆನ್ನಾಗಿದ್ದರೆ ಡೋಸು ಇಳಿಸುವುದೂ ನಮ್ಮ ಕೆಲಸವೇ. ನಿಮ್ಮಷ್ಟಕ್ಕೆ ನೀವು ನಿಲ್ಲಿಸುವುದು ಮಾತ್ರ ಬೇಡ.

"ಕೇಳಿದ್ರಾ ಕೇಶವಯ್ಯ? ಈ ಬಸ್ಸು ಸ್ಟಾಪ್ ಬಂದ್ರೆ ನಿಲ್ಲುತ್ತಂತೆ," ಎಂದಳು ಶಿವರಂಜನಿ. ಕೇಶವಯ್ಯ ಫ್ಯಾನು ನೋಡಿದ.

ತಕ್ಕಡಿ ಕೋಣೆಯ ಮಾತು ತೆಗೆಯುವ ಧೈರ್ಯ ತಿಪ್ಪೇರುದ್ರಪ್ಪನಿಗೆ ಇರಲಿಲ್ಲ. ಮಗಳೇ ತೆಗೆದಳು. ಈ ಸುಗ್ಗಿಗೆ ಅಪ್ಪ ಜಗಲಿಯಲ್ಲೇ ಇರಬೇಕು. ಮಿಲ್ಲು ನಡೆಯಬೇಕಲ್ಲ, ತಕ್ಕಡಿಯ ಮುಂದೆ ಅಮ್ಮ ಕೂರುತ್ತಾಳೆ. ಹದಿನೈದು ದಿನ ಮನೆಯವರಿಗೇ ಗೊತ್ತಾಗದಂತೆ ಲೆಕ್ಕ ಸರಿದೂಗಿಸಿದವಳಿಗೆ ಮೂಟೆಯ ಲೆಕ್ಕ ಯಾವ ಮಹಾ? ನನಗೆ ಬೇಡ, ಅದು ಅವರ ಜಾಗ ಎಂದು ದ್ರಾಕ್ಷಾಯಣಮ್ಮ ಕಣ್ಣೀರು ಹಾಕಿದಳು. ಮಗಳು ಕೇಳಲಿಲ್ಲ. ಹೊಸ ಪಂಪೂ ಕೊಡಲಿಲ್ಲ. ಎರಡು ಅರವತ್ತು ಸೇರಿ ಒಂದು ತಿಂಗಳಿಗಾಯಿತು ಎಂದಳು.

ಡಾಕ್ಟರು ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಟ್ಟು, ತಮ್ಮ ಎದುರಿಗೇ ಎರಡು ಪಫ್ ಎಳೆಸಿದರು. ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದು ಬಿಟ್ಟ. ಸ್ವಲ್ಪ ತಡೆದು ಇನ್ನೊಂದು. ಎಂದಿನಂತೆ ಏನೂ ಗೊತ್ತಾಗಲಿಲ್ಲ. ಹೊರಗೆ ನಲ್ಲಿಯ ಹತ್ತಿರ ದ್ರಾಕ್ಷಾಯಣಮ್ಮ ಚೀಲದಿಂದ ತಾಮ್ರದ ಚೊಂಬು ತೆಗೆದು ನೀರು ಹಿಡಿದು ಕೊಟ್ಟಳು. ಅವನು ಮುಕ್ಕಳಿಸಿ ಉಗುಳಿದ. ಚೊಂಬು ಖಾಲಿಯಾಗುವವರೆಗೂ ಮುಕ್ಕಳಿಸಿದ.

ಮರಳುವ ಬಸ್ಸಿನಲ್ಲಿ ಕೇಶವಯ್ಯ ಮುಂದೆ ಹೋಗಿ ಡ್ರೈವರ ಪಕ್ಕ ಕೂತ. ಗಂಡ ಹೆಂಡತಿ ಹಿಂದೆ ಒಂದೇ ಸೀಟಿನಲ್ಲಿ ಕೂತರು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹತ್ತು ರೂಪಾಯಿಯ ಕಡಲೆಕಾಯಿ ಪೊಟ್ಟಣದಿಂದ ಒಂದು ಕಾಯಿ ತೆಗೆದು ಅವಳ ಕಿವಿಯ ಹತ್ತಿರ ಅಲ್ಲಾಡಿಸಿ, ಏನು ಕೇಳಿಸಿತು ಎಂದ. ಏನೂ ಇಲ್ಲ ಎಂದಳು ಅವಳು. ಇನ್ನೊಂದನ್ನು ಅಲ್ಲಾಡಿಸಿದ. ಊರು ಬರುವ ಹೊತ್ತಿಗೆ ಪೊಟ್ಟಣ ಮುಗಿದಿತ್ತು, ಅವಳಿಗೆ ಗಟ್ಟಿ ಕಾಯಿಗೂ ಜೊಳ್ಳಿಗೂ ವ್ಯತ್ಯಾಸ ಕೇಳಿಸತೊಡಗಿತ್ತು.

ಮೂರು ಪಂಪಿಗೆ ಸಾವಿರದ ಇನ್ನೂರ ಅರವತ್ತು ರೂಪಾಯಿ ಆಗಿತ್ತು. ಇನ್ನೂರ ನಲವತ್ತು ಪಫ್ ನುಗ್ಗೆ ಮರಕ್ಕೆ, ಕನಕಾಂಬರಕ್ಕೆ, ಪಾವಗಡದ ಗೋಡೆಗಳಿಗೆ ಹೋಗಿತ್ತು. ಒಂದು ಸುಗ್ಗಿಯ ತಕ್ಕಡಿ ಕೋಣೆಯೂ ಹೋಯಿತು. ತಿಪ್ಪೇರುದ್ರಪ್ಪನ ಎದೆಗೆ ಇಳಿದದ್ದು ಎರಡು ಪಫ್.